ಒಂದೇ ಡ್ರಾಯಿಂಗ್, ಎರಡು ಊರು, ಎರಡು ಫಲಿತಾಂಶ: ತ್ರೀಡಿ ಪ್ರಿಂಟಿಂಗ್‌ಗೂ ಬೇಕು ಎಲ್ಲರೂ ಒಪ್ಪುವ ಸೇರು

ಹೊಸೂರು: ಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಅಳತೆಯ ಜಗಳ ಹೊಸದೇನಲ್ಲ. ಮೆಟ್ರಿಕ್ ಪದ್ಧತಿ ಬರುವ ಮೊದಲು ಸೀಮೆಗೊಂದು ಸೇರು ಇತ್ತು. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಸಂತೆಗೆ ಹೋದ ಅಜ್ಜಂದಿರು ‘ಯಾವ ಸೇರಪ್ಪಾ ಇದು?’ ಅಂತ ಕೇಳಿಕೊಂಡೇ ರಾಗಿ ಅಳೆಸುತ್ತಿದ್ದರು. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು, 1958ರಿಂದ ಕಿಲೋಗ್ರಾಂ ಚಲಾವಣೆಗೆ ಬಂದ ಮೇಲೆ ಆ ಜಗಳ ನಿಧಾನವಾಗಿ ತಣ್ಣಗಾಯಿತು.

ಅದೇ ಜಗಳ ಈಗ ಹೊಸ ವೇಷದಲ್ಲಿ ಕಾರ್ಖಾನೆಗಳ ಒಳಗೆ ಬಂದು ಕೂತಿದೆ. ಒಂದೇ ಡ್ರಾಯಿಂಗ್ ಕೊಟ್ಟು, ಒಂದೇ ಲೋಹದ ಪುಡಿ ಕೊಟ್ಟು, ಹೊಸೂರಿನ ಒಂದು ಯೂನಿಟ್‌ನಲ್ಲಿ ಒಂದು ತುಂಡು, ಬೆಂಗಳೂರಿನ ಪೀಣ್ಯದಲ್ಲಿ ಇನ್ನೊಂದು ತುಂಡು ಪ್ರಿಂಟ್ ಮಾಡಿಸಿದರೆ ಎರಡೂ ಒಂದೇ ಥರ ಇರುತ್ತವೆಯೇ? ನೋಡೋಕೆ ಇರುತ್ತವೆ. ಎಳೆದು ಮುರಿದು ನೋಡಿದರೆ ಇರಲೇಬೇಕು ಅಂತಿಲ್ಲ. ಹಾಗಾದಾಗ ತಪ್ಪು ಯಾರದು? ಪ್ರಿಂಟ್ ಮಾಡಿದವರದಾ, ಪುಡಿಯದಾ, ಪರೀಕ್ಷೆ ಮಾಡಿದ ಲ್ಯಾಬಿನದಾ?

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿಗೆ ‘ರೌಂಡ್ ರಾಬಿನ್’ ಅಧ್ಯಯನ ಅಂತ ಹೆಸರು. ಹಲವು ಕಡೆ ಒಂದೇ ಕೆಲಸ ಮಾಡಿಸಿ ಫಲಿತಾಂಶಗಳನ್ನು ಹೋಲಿಸುವುದು ಅಂತ ಅರ್ಥ. ಕೇಳೋಕೆ ಇದು ದೊಡ್ಡ ಲ್ಯಾಬುಗಳ ವಿಷಯ ಅನ್ನಿಸಬಹುದು. ಆದರೆ ಜಾಬ್ ವರ್ಕ್ ನಂಬಿಕೊಂಡು ಬದುಕುವ ಗಡಿಯ ಸಣ್ಣ ಯೂನಿಟ್‌ಗಳಿಗೂ, ಡಿಪ್ಲೊಮಾ ಮುಗಿಸಿ ಅತ್ತಿಬೆಲೆ ದಾಟಿ ದಿನಾ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೂ ಇದು ಅನ್ನದ ಪ್ರಶ್ನೆಯೇ.

ರಾಕೆಟ್‌ವರೆಗೆ ಹೋದ ಪುಡಿ

ಲೇತ್, ಮಿಲ್ಲಿಂಗ್ ಯಂತ್ರಗಳಲ್ಲಿ ಲೋಹದ ಗಟ್ಟಿಯಿಂದ ಬೇಡದ್ದನ್ನು ಕಡಿದು ತೆಗೆದು ಬೇಕಾದ ಆಕಾರ ಪಡೆಯುತ್ತೇವೆ. ತ್ರೀಡಿ ಪ್ರಿಂಟಿಂಗ್ ಇದಕ್ಕೆ ಉಲ್ಟಾ. ತೆಳ್ಳಗೆ ಒಂದು ಪದರ ಪುಡಿ ಹರಡುತ್ತಾರೆ, ಲೇಸರ್ ಕಿರಣ ಬೇಕಾದ ಕಡೆ ಮಾತ್ರ ಅದನ್ನು ಕರಗಿಸಿ ಅಂಟಿಸುತ್ತೆ, ಅದರ ಮೇಲೆ ಇನ್ನೊಂದು ಪದರ. ಒಂದು ಪದರ ಅಂದರೆ ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಭಾಗದಷ್ಟು ದಪ್ಪ. ಹೀಗೆ ಸಾವಿರಾರು ಪದರ ಕೂಡಿ ಒಂದು ಬಿಡಿಭಾಗ ಆಗುತ್ತೆ. ಕೂಡಿಸಿ ಕಟ್ಟುವುದರಿಂದಲೇ ಇದಕ್ಕೆ ‘ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್’ ಅನ್ನುತ್ತಾರೆ.

ಇದರ ಲಾಭ ಎಷ್ಟು ಅನ್ನೋದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಪಿಎಸ್‌ಎಲ್‌ವಿ ರಾಕೆಟ್‌ನ ಮೇಲಿನ ಹಂತದ ಪಿಎಸ್‌4 ಎಂಜಿನನ್ನು ಇಸ್ರೊ ಈ ವಿಧಾನಕ್ಕೆ ಹೊಂದುವಂತೆ ಮತ್ತೆ ವಿನ್ಯಾಸ ಮಾಡಿ, 2024ರ ಮೇ 9ರಂದು 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಮೊದಲು 14 ಭಾಗಗಳನ್ನು ಜೋಡಿಸಿ ಮಾಡುತ್ತಿದ್ದದ್ದು ಒಂದೇ ತುಂಡಾಯಿತು. 19 ಕಡೆಯ ವೆಲ್ಡಿಂಗ್ ಹೋಯಿತು. ಹಿಂದೆ ಒಂದು ಎಂಜಿನ್‌ಗೆ 565 ಕಿಲೋ ಲೋಹ ಬೇಕಿತ್ತು, ಈಗ 13.7 ಕಿಲೋ ಪುಡಿ ಸಾಕು. ತಯಾರಿಕೆಯ ಸಮಯ ಶೇ 60ರಷ್ಟು ಇಳಿಯಿತು. ಅದನ್ನು ಪ್ರಿಂಟ್ ಮಾಡಿದ್ದು ವಿಪ್ರೊ ತ್ರೀಡಿ. ಅದೇ ತಿಂಗಳ 30ರಂದು ಚೆನ್ನೈನ ಅಗ್ನಿಕುಲ್ ಕಂಪನಿ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ ಹೊತ್ತ ರಾಕೆಟನ್ನು ಶ್ರೀಹರಿಕೋಟಾದಿಂದ ಹಾರಿಸಿತು.

ಇವು ಹೆಮ್ಮೆಯ ಸುದ್ದಿಗಳು, ಸರಿ. ಆದರೆ ಒಂದು ಎಂಜಿನ್ ಒಂದು ಕಡೆ ಚೆನ್ನಾಗಿ ಬಂದಿತು ಅನ್ನೋದು ಬೇರೆ. ಅದೇ ಭಾಗವನ್ನು ಹತ್ತು ಊರಿನ ಹತ್ತು ಯೂನಿಟ್‌ಗಳು ಒಂದೇ ಗುಣಮಟ್ಟದಲ್ಲಿ ಕೊಡಬಲ್ಲವು ಅನ್ನೋದು ಬೇರೆ. ಮೊದಲನೆಯದು ಸಾಧನೆ, ಎರಡನೆಯದು ಉದ್ಯಮ. ಸಣ್ಣ ಯೂನಿಟ್‌ಗಳಿಗೆ ಆರ್ಡರ್ ಬರೋದು ಎರಡನೆಯದು ಗಟ್ಟಿಯಾದಾಗ ಮಾತ್ರ.

ವ್ಯತ್ಯಾಸ ಎಲ್ಲಿಂದ ಬರುತ್ತೆ?

ಕಬ್ಬಿಣದ ಅಂಗಡಿಯಿಂದ ತಂದ ಸರಳಿನ ಗಟ್ಟಿತನ ಅದನ್ನು ಮಾಡಿದ ಗಿರಣಿಯಲ್ಲೇ ಹೆಚ್ಚುಕಮ್ಮಿ ನಿರ್ಧಾರವಾಗಿರುತ್ತೆ. ನಮ್ಮ ಲೇತ್‌ನಲ್ಲಿ ಅದಕ್ಕೆ ಆಕಾರ ಕೊಡುತ್ತೇವೆ ಅಷ್ಟೆ. ತ್ರೀಡಿ ಪ್ರಿಂಟಿಂಗ್‌ನಲ್ಲಿ ಆಕಾರವೂ ಲೋಹವೂ ಒಟ್ಟಿಗೇ ಹುಟ್ಟುತ್ತವೆ. ಗಿರಣಿಯ ಜವಾಬ್ದಾರಿಯೂ ಪ್ರಿಂಟ್ ಮಾಡುವವನ ತಲೆ ಮೇಲೇ ಬೀಳುತ್ತೆ.

ಹಾಗಾಗಿ ಸಣ್ಣ ಸಣ್ಣ ಸಂಗತಿಗಳೂ ಎಣಿಕೆಗೆ ಬರುತ್ತವೆ. ಪುಡಿ ಹೊಸದೋ, ಹಿಂದಿನ ಕೆಲಸದಲ್ಲಿ ಉಳಿದು ಜರಡಿ ಹಿಡಿದದ್ದೋ? ಟೈಟಾನಿಯಂ ಪುಡಿಯನ್ನು ಮತ್ತೆ ಮತ್ತೆ ಬಳಸಿದಂತೆ ಅದರೊಳಗೆ ಆಮ್ಲಜನಕ ಏರುತ್ತಾ ಹೋಗುತ್ತೆ, ಲೋಹದ ಗುಣ ಬದಲಾಗುತ್ತೆ. ಲೇಸರಿನ ಬಲ ಪರದೆಯಲ್ಲಿ ತೋರಿಸಿದಷ್ಟೇ ನಿಜವಾಗಿ ಇದೆಯಾ? ಆರ್ಗಾನ್ ಅನಿಲ ತಟ್ಟೆಯ ಎಲ್ಲಾ ಮೂಲೆಗೂ ಸಮನಾಗಿ ಹರಿಯುತ್ತಾ? ತುಂಡನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ದಾ, ಮಲಗಿಸಿಯಾ? ಪದರಗಳ ಉದ್ದಕ್ಕೆ ಎಳೆದಾಗ ತಡೆಯುವ ಬಲಕ್ಕೂ, ಪದರಗಳಿಗೆ ಅಡ್ಡಲಾಗಿ ಎಳೆದಾಗ ತಡೆಯುವ ಬಲಕ್ಕೂ ವ್ಯತ್ಯಾಸ ಇರಬಹುದು. ಪ್ರಿಂಟ್ ಆದ ಮೇಲೆ ಎಷ್ಟು ಹೊತ್ತು, ಎಷ್ಟು ಕಾವಿನಲ್ಲಿ ಕಾಯಿಸಿದರು ಅನ್ನೋದೂ ಮುಖ್ಯ.

ಪ್ಲಾಸ್ಟಿಕ್ ಪ್ರಿಂಟಿಂಗ್‌ನಲ್ಲಿ ಹವೆಯದ್ದೂ ಒಂದು ಕೈ ಇದೆ. ನೈಲಾನ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತೆ. ಸೊಲ್ಲಾಪುರದ ಒಣ ಬೇಸಿಗೆಯಲ್ಲಿ ಸುರುಳಿಯನ್ನು ಹೊರಗಿಟ್ಟದ್ದಕ್ಕೂ, ಕಾಸರಗೋಡಿನ ಮಳೆಗಾಲದಲ್ಲಿ ಹೊರಗಿಟ್ಟದ್ದಕ್ಕೂ ವ್ಯತ್ಯಾಸ ಆಗದೇ ಇರುತ್ತಾ? ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಮುಚ್ಚದೆ ಬಿಟ್ಟ ಹಾಗೆಯೇ.

ಹಾಲಿನ ಸೊಸೈಟಿಯ ಪಾಠ

ಹೋಲಿಕೆಯ ಲೆಕ್ಕ ಹೇಗೆ ಅನ್ನೋದನ್ನು ಹಸು ಕಟ್ಟಿದವರು ಬೇಗ ಹಿಡಿಯುತ್ತಾರೆ. ಊರಿನ ಸೊಸೈಟಿಯಲ್ಲಿ ಹಾಲಿನ ಫ್ಯಾಟ್ 4.2 ಬಂತು, ಅದೇ ಹಾಲಿಗೆ ಡೈರಿಯಲ್ಲಿ 3.9 ಬಂತು ಅಂದುಕೊಳ್ಳಿ. ಜಗಳಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಬೇಕು. ಸೊಸೈಟಿಯ ಯಂತ್ರಕ್ಕೇ ಅದೇ ಹಾಲನ್ನು ಐದು ಸಲ ಹಾಕಿದರೆ ಐದೂ ಸಲ 4.2 ಬರುತ್ತಾ? ಇದು ಒಳಗಿನ ವ್ಯತ್ಯಾಸ. ಬೇರೆ ಬೇರೆ ಊರಿನ ಯಂತ್ರಗಳಿಗೆ ಅದೇ ಹಾಲು ಹಾಕಿದರೆ ಎಷ್ಟೆಷ್ಟು ಬರುತ್ತೆ? ಇದು ಊರೂರ ನಡುವಿನ ವ್ಯತ್ಯಾಸ. ಒಳಗಿನ ವ್ಯತ್ಯಾಸವೇ 0.3 ಇದ್ದರೆ ಜಗಳವೇ ಬೇಡ. ಒಳಗಿನದು 0.05 ಇದ್ದು, ಊರೂರ ನಡುವೆ 0.3 ಇದ್ದರೆ ಯಾವುದೋ ಯಂತ್ರ ದಾರಿ ತಪ್ಪಿದೆ ಅಂತ ಅರ್ಥ.

ಈ ಎರಡು ವ್ಯತ್ಯಾಸಗಳನ್ನು ಬಿಡಿಸಿ ಲೆಕ್ಕ ಹಾಕುವ ಕ್ರಮವನ್ನು ಐಎಸ್‌ಓ 5725 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತೆ. ಅಮೆರಿಕ ಮೂಲದ ಎಎಸ್‌ಟಿಎಂ ಸಂಸ್ಥೆಯ ಇ691 ಎಂಬುದೂ ಅದೇ ಕೆಲಸದ್ದು. ಕನಿಷ್ಠ ಆರು ಲ್ಯಾಬುಗಳ ಒಪ್ಪಬಹುದಾದ ಫಲಿತಾಂಶ ಇಲ್ಲದೆ ‘ಈ ಪರೀಕ್ಷೆ ಇಷ್ಟು ನಿಖರ’ ಅಂತ ಹೇಳಿಕೆ ಕೊಡಬೇಡಿ ಅನ್ನುತ್ತೆ ಇ691. ಇಬ್ಬರು ಸ್ನೇಹಿತರು ಕೂತು ‘ನಿಂದೂ ನಂದೂ ಸರಿಹೋಯ್ತು’ ಅಂದರೆ ಸಾಲದು.

ಆದರೆ ಇಲ್ಲೊಂದು ತೊಡಕು ಇದೆ. ಹಾಲಿನ ಪರೀಕ್ಷೆಯಲ್ಲಿ ಒಂದೇ ಕ್ಯಾನಿನ ಹಾಲನ್ನು ಹಂಚಿ ಎಲ್ಲಾ ಕಡೆ ಕಳಿಸಬಹುದು. ತ್ರೀಡಿ ಪ್ರಿಂಟಿಂಗ್‌ನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಹಸುವನ್ನೇ ಕರೆದು, ತಮ್ಮ ಯಂತ್ರದಲ್ಲೇ ಅಳೆದ ಹಾಗೆ. ಕೊನೆಗೆ ಬಂದ ವ್ಯತ್ಯಾಸ ಹಸುವಿನದೋ ಯಂತ್ರದ್ದೋ ಗೊತ್ತೇ ಆಗೋದಿಲ್ಲ.

ಇದಕ್ಕೆ ಪರಿಹಾರ ಕೆಲಸವನ್ನು ಎರಡು ಕವಲು ಮಾಡುವುದು. ಒಂದು ಕವಲಿನಲ್ಲಿ ಎಲ್ಲರೂ ತಮ್ಮಲ್ಲಿ ಪ್ರಿಂಟ್ ಮಾಡಿದ ತುಂಡುಗಳನ್ನು ಒಂದೇ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಕಾಣುವ ವ್ಯತ್ಯಾಸ ಹೆಚ್ಚಾಗಿ ಪ್ರಿಂಟಿಂಗ್‌ನದ್ದು. ಇನ್ನೊಂದು ಕವಲಿನಲ್ಲಿ ಒಂದೇ ಕಡೆ ಮಾಡಿದ ತುಂಡುಗಳನ್ನು ಎಲ್ಲಾ ಲ್ಯಾಬುಗಳಿಗೂ ಹಂಚುತ್ತಾರೆ. ಅಲ್ಲಿ ಕಾಣುವುದು ಹೆಚ್ಚಾಗಿ ಪರೀಕ್ಷೆಯ ವ್ಯತ್ಯಾಸ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಪ್ಪು ಎಲ್ಲಿದೆ ಅಂತ ಬೆರಳು ತೋರಿಸಬಹುದು. ಹೀಗೆ ಮಾಡದೆ ಬರೀ ‘ಹತ್ತು ಕಡೆ ಮಾಡಿಸಿದೆವು, ಇಷ್ಟು ವ್ಯತ್ಯಾಸ ಬಂತು’ ಅಂದರೆ ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ದೂರು ಮಾತ್ರ ಬಡವನ ಮನೆ ಬಾಗಿಲಿಗೆ ಬರುತ್ತೆ.

ನಿಯಮ ಪುಸ್ತಕ ಬಂದಿದೆ

ಜಗತ್ತು ಈ ಕಡೆ ಸ್ವಲ್ಪ ತಡವಾಗಿಯೇ ಕಣ್ಣು ತೆರೆಯಿತು. ಎಎಸ್‌ಟಿಎಂ ತ್ರೀಡಿ ಪ್ರಿಂಟಿಂಗ್‌ಗಾಗಿ ಎಫ್42 ಸಮಿತಿ ಮಾಡಿದ್ದು 2009ರಲ್ಲಿ. ಐಎಸ್‌ಓ ತನ್ನ ಸಮಿತಿ ಮಾಡಿದ್ದು 2011ರಲ್ಲಿ. ಒಂದೇ ಕೆಲಸಕ್ಕೆ ಎರಡು ನಿಯಮ ಬೇಡ ಅಂತ ಎರಡೂ ಸಂಸ್ಥೆಗಳು ಕೈ ಜೋಡಿಸಿದವು. ಈಗ ಲೋಹದ ಪುಡಿಯನ್ನು ಹೇಗೆ ಪರೀಕ್ಷಿಸಬೇಕು ಅನ್ನೋದಕ್ಕೆ 52907, ಯಂತ್ರ ಆಕಾರವನ್ನು ಎಷ್ಟು ನಿಖರವಾಗಿ ಕೊಡುತ್ತೆ ಅಂತ ನೋಡುವ ಮಾದರಿ ತುಂಡುಗಳಿಗೆ 52902 ಅಂತ ಜಂಟಿ ಮಾನದಂಡಗಳಿವೆ. ರೌಂಡ್ ರಾಬಿನ್ ಅಧ್ಯಯನಗಳಿಗೇ ಮೀಸಲಾದ ಮಾರ್ಗಸೂಚಿ 52917 ಎಂಬ ಸಂಖ್ಯೆಯಲ್ಲಿ 2022ರಲ್ಲಿ ಬಂತು.

ಇಂಥ ಅಧ್ಯಯನದಲ್ಲಿ ಪಾಲಿಸಬೇಕಾದ ಮುಖ್ಯ ಸಂಗತಿಗಳನ್ನು ಸರಳವಾಗಿ ಹೀಗೆ ಹೇಳಬಹುದು. ಏನು ಕಂಡುಹಿಡಿಯಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಯಾವುದು ಎಲ್ಲರಿಗೂ ಒಂದೇ, ಯಾವುದು ಅವರವರ ಇಷ್ಟ ಅಂತ ಸ್ಪಷ್ಟ ಇರಬೇಕು. ಪುಡಿ ಒಂದೇ ಲಾಟಿನದ್ದಾಗಿರಬೇಕು. ಡ್ರಾಯಿಂಗ್ ಫೈಲನ್ನು ಒಬ್ಬೊಬ್ಬರು ಒಂದೊಂದು ರೀತಿ ಪರಿವರ್ತಿಸಿಕೊಳ್ಳಬಾರದು. ತಟ್ಟೆಯ ಮೇಲೆ ಯಾವ ತುಂಡು ಎಲ್ಲಿತ್ತು, ಯಾವ ದಿಕ್ಕಿಗಿತ್ತು, ಪುಡಿ ಎಷ್ಟನೇ ಸಲ ಬಳಸಿದ್ದು ಅನ್ನೋದೆಲ್ಲ ದಾಖಲಾಗಬೇಕು. ತುಂಡಿನ ಮೇಲೆ ಊರಿನ ಹೆಸರು ಇರಬಾರದು, ಗುರುತಿನ ಸಂಖ್ಯೆ ಮಾತ್ರ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗೆ ಮಾಡುವಂತೆಯೇ.

ಇನ್ನೊಂದು ಬಹಳ ಮುಖ್ಯ. ಕೆಟ್ಟ ಫಲಿತಾಂಶವನ್ನು ‘ಇದು ಏನೋ ತಪ್ಪಾಗಿರಬೇಕು’ ಅಂತ ಸುಮ್ಮನೆ ಬಿಸಾಡುವಂತಿಲ್ಲ. ಎಲ್ಲರಿಗಿಂತ ದೂರ ನಿಂತ ಅಂಕಿಯನ್ನು ಗುರುತಿಸೋಕೆ ಲೆಕ್ಕದ ಕ್ರಮಗಳಿವೆ. ಗುರುತಿಸಿದ ಮೇಲೂ ಕಾರಣ ಹುಡುಕಬೇಕು, ಕಾರಣ ಸಿಕ್ಕರೆ ಬರೆಯಬೇಕು. ನಡುವೆ ನಿಂತುಹೋದ ಪ್ರಿಂಟ್, ಬಿರುಕು ಬಿಟ್ಟ ತುಂಡು ಎಲ್ಲವೂ ವರದಿಯಲ್ಲಿ ಇರಬೇಕು. ಚೆನ್ನಾಗಿ ಬಂದದ್ದನ್ನು ಮಾತ್ರ ತೋರಿಸೋದಾದರೆ ಅದು ಅಧ್ಯಯನ ಆಗೋದಿಲ್ಲ, ಮದುವೆ ಆಲ್ಬಂ ಆಗುತ್ತೆ.

ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ನಿಕಲ್ ಮಿಶ್ರಲೋಹ 625ರ ತುಂಡುಗಳನ್ನು ಹಲವು ಕಡೆ ಪ್ರಿಂಟ್ ಮಾಡಿಸಿ, ಎಳೆದು ನೋಡಿ, ಎಷ್ಟು ವ್ಯತ್ಯಾಸ ಬಂತು ಅನ್ನೋದನ್ನು 2018ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆ ‘ಎಎಂ ಬೆಂಚ್’ ಎಂಬ ಸರಣಿಯಲ್ಲಿ ಇನ್ನೊಂದು ಜಾಣತನ ಮಾಡುತ್ತೆ. ತಾನು ಅಳೆದ ಉತ್ತರವನ್ನು ಮುಚ್ಚಿಟ್ಟುಕೊಂಡು, ‘ನಿಮ್ಮ ಲೆಕ್ಕದ ಪ್ರಕಾರ ಎಷ್ಟು ಬರಬೇಕು ಹೇಳಿ’ ಅಂತ ವಿಜ್ಞಾನಿಗಳನ್ನು ಕೇಳುತ್ತೆ. ಉತ್ತರ ನೋಡಿಕೊಂಡು ಲೆಕ್ಕ ಸರಿಮಾಡಿಕೊಳ್ಳುವ ಅಭ್ಯಾಸಕ್ಕೆ ಇದು ಕಡಿವಾಣ.

ಅಂಚೆ ಕಚೇರಿ ಗೋಡೆ, ಆಸ್ಪತ್ರೆಯ ದವಡೆ

ಇದು ಲೋಹಕ್ಕೆ ಮಾತ್ರ ಸೀಮಿತ ಅಲ್ಲ. ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿಯನ್ನು ಕಾಂಕ್ರೀಟ್ ಪ್ರಿಂಟ್ ಮಾಡಿ 43 ದಿನದಲ್ಲಿ ಕಟ್ಟಿದ್ದು, 2023ರ ಆಗಸ್ಟ್ 18ರಂದು ಉದ್ಘಾಟನೆಯಾದದ್ದು ಅನೇಕರಿಗೆ ನೆನಪಿರಬಹುದು. ಎಲ್ ಅಂಡ್ ಟಿ ಕಟ್ಟಿದ ಅದಕ್ಕೆ ಮದ್ರಾಸ್ ಐಐಟಿಯ ಮಾರ್ಗದರ್ಶನ ಇತ್ತು. ಅಚ್ಚಿನಲ್ಲಿ ಹಾಕಿದ ಕಾಂಕ್ರೀಟ್ ಎಲ್ಲಾ ದಿಕ್ಕಿಗೂ ಒಂದೇ ಗಟ್ಟಿ ಅಂತ ಎಣಿಸಬಹುದು. ಪದರ ಪದರವಾಗಿ ಇಟ್ಟದ್ದು ಹಾಗಲ್ಲ. ಎರಡು ಪದರ ಕೂಡುವ ಗೆರೆ ದುರ್ಬಲ ಆಗಬಹುದು. ರಿಲೆಮ್ ಎಂಬ ಅಂತರರಾಷ್ಟ್ರೀಯ ಸಂಘಟನೆ ಹಲವು ದೇಶಗಳ ಸುಮಾರು 30 ಪ್ರಯೋಗಾಲಯಗಳನ್ನು ಸೇರಿಸಿ ಪ್ರಿಂಟ್ ಮಾಡಿದ ಕಾಂಕ್ರೀಟಿನ ಬಲವನ್ನು ಹೋಲಿಸುವ ಅಧ್ಯಯನ ನಡೆಸಿದ್ದು ಈ ಕಾರಣಕ್ಕೇ.

ಕಾಸರಗೋಡು, ಮಂಜೇಶ್ವರದ ಕುಟುಂಬಗಳು ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ವಾಡಿಕೆ. ಅಪಘಾತದಲ್ಲಿ ದವಡೆಯೋ ತಲೆಬುರುಡೆಯೋ ಒಡೆದರೆ, ಸಿಟಿ ಸ್ಕ್ಯಾನ್ ನೋಡಿ ಅದರ ಮಾದರಿಯನ್ನು ಪ್ರಿಂಟ್ ಮಾಡಿ ಆಪರೇಷನ್‌ಗೆ ಸಿದ್ಧತೆ ಮಾಡುವ ಪದ್ಧತಿ ಈಗ ಬೆಳೆಯುತ್ತಿದೆ. ಸ್ಕ್ಯಾನ್ ಒಂದು ಕಡೆ, ಅದರಿಂದ ಮೂಳೆಯನ್ನು ಬಿಡಿಸಿ ಚಿತ್ರ ಮಾಡುವವರು ಇನ್ನೊಂದು ಕಡೆ, ಪ್ರಿಂಟ್ ಮಗದೊಂದು ಕಡೆ ಆಗಬಹುದು. ಒಂದೊಂದು ಹಂತದಲ್ಲೂ ಕೂದಲೆಳೆಯಷ್ಟು ತಪ್ಪು ಸೇರಿದರೆ ಕೊನೆಗೆ ಪ್ಲೇಟು ಮೂಳೆಗೆ ಸರಿಯಾಗಿ ಕೂರೋದಿಲ್ಲ. ಹಲವು ಆಸ್ಪತ್ರೆಗಳ ನಡುವೆ ಹೋಲಿಕೆ ಅಧ್ಯಯನ ಆದರೆ ಮಾತ್ರ ಯಾವ ಹಂತದಲ್ಲಿ ಎಷ್ಟು ತಪ್ಪು ಅಂತ ತಿಳಿಯುತ್ತೆ. ರೋಗಿಗೆ ಮಾನದಂಡದ ನಂಬರು ಗೊತ್ತಿರಬೇಕಾಗಿಲ್ಲ. ಗೊತ್ತಿರುವವರು ಅದನ್ನು ಪಾಲಿಸಿರಬೇಕು.

ಹೊಸೂರಿಗೆ ಇದರಿಂದ ಏನು?

1980ರ ದಶಕದಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಮುಂತಾದ ಕಾರ್ಖಾನೆಗಳು ಬೇರೂರಿದ ಮೇಲೆ ಹೊಸೂರು ಸಣ್ಣ ವರ್ಕ್‌ಶಾಪ್‌ಗಳ ಊರೂ ಆಯಿತು. ಜಿಗ್, ಫಿಕ್ಸ್ಚರ್, ಡೈ, ಬಿಡಿಭಾಗ ಅಂತ ಜಾಬ್ ವರ್ಕ್ ಮಾಡುವ ಶೆಡ್ಡುಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಜೊತೆ ನಂಟು ದಿನಾ ಇದ್ದದ್ದೇ. ಇಲ್ಲಿನ ಮಾಲು ಅಲ್ಲಿಗೆ, ಅಲ್ಲಿನ ಡ್ರಾಯಿಂಗ್ ಇಲ್ಲಿಗೆ.

ಇಂಥ ಒಂದು ಯೂನಿಟ್ ಸಾಲ ಮಾಡಿ ಪ್ರಿಂಟರ್ ತಂದಿತು ಅಂದುಕೊಳ್ಳಿ. ತುಂಡು ಮಾಡಿ ಕೊಟ್ಟರು. ಇವರು ಮಾಡಿಸಿದ ಪರೀಕ್ಷೆಯಲ್ಲಿ ಪಾಸ್, ಗ್ರಾಹಕರು ಮಾಡಿಸಿದ ಪರೀಕ್ಷೆಯಲ್ಲಿ ಫೇಲ್. ಇಡೀ ಲಾಟ್ ರಿಜೆಕ್ಟ್. ಎರಡು ಲ್ಯಾಬುಗಳ ನಡುವೆ ಸಹಜವಾಗಿ ಎಷ್ಟು ವ್ಯತ್ಯಾಸ ಬರಬಹುದು ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಂಕಿ ಇದ್ದರೆ ವಾದ ಮಾಡಬಹುದು. ಅಂಕಿ ಇಲ್ಲದಿದ್ದರೆ ದೊಡ್ಡವರ ಮಾತೇ ಕೊನೆ. ಪುಡಿಯ ದುಡ್ಡು, ಕರೆಂಟ್ ಬಿಲ್, ಬ್ಯಾಂಕಿನ ಕಂತು ಎಲ್ಲಾ ಸಣ್ಣವನ ಮೇಲೆ.

‘ಲ್ಯಾಬುಗಳಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯಲ್ಲ?’ ಅಂತ ಕೇಳಬಹುದು. ಇದೆ. ಮಾನ್ಯತೆ ಪಡೆದ ಲ್ಯಾಬುಗಳು ತಮ್ಮ ಪರೀಕ್ಷೆಯನ್ನು ಬೇರೆ ಲ್ಯಾಬುಗಳ ಜೊತೆ ಹೋಲಿಸಿ ನೋಡಿಕೊಳ್ಳಬೇಕು ಅಂತಲೂ ಇದೆ. ಆದರೆ ಅದು ಅಳೆಯುವವರ ಪರೀಕ್ಷೆ. ಪ್ರಿಂಟ್ ಮಾಡುವ ಯೂನಿಟ್‌ಗಳ ನಡುವಿನ ವ್ಯತ್ಯಾಸ ಅದರಲ್ಲಿ ಬರೋದಿಲ್ಲ. ಎರಡು ಕವಲು ಬೇಕು ಅಂತ ಮೇಲೆ ಹೇಳಿದ್ದು ಅದಕ್ಕೇ.

ಆಗಬೇಕಾದ್ದೇನು?

ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ತ್ರೀಡಿ ಪ್ರಿಂಟಿಂಗ್‌ಗೆ ರಾಷ್ಟ್ರೀಯ ಕಾರ್ಯತಂತ್ರ ಪ್ರಕಟಿಸಿತು. ಜಾಗತಿಕ ಮಾರುಕಟ್ಟೆಯಲ್ಲಿ ಶೇ 5ರ ಪಾಲು, ಒಂದು ಲಕ್ಷ ನುರಿತ ಕೆಲಸಗಾರರು, ನೂರು ಹೊಸ ಸ್ಟಾರ್ಟ್‌ಅಪ್‌ಗಳು ಅಂತ ಗುರಿ ಇಟ್ಟಿತು. ಎಷ್ಟು ಯಂತ್ರ ಬಂದವು, ಎಷ್ಟು ಜನ ತರಬೇತಿ ಪಡೆದರು ಅಂತ ಎಣಿಸೋದು ಸುಲಭ. ಆದರೆ ಒಂದು ಯೂನಿಟ್‌ನ ತುಂಡಿಗೂ ಇನ್ನೊಂದರ ತುಂಡಿಗೂ ಎಷ್ಟು ವ್ಯತ್ಯಾಸ ಅಂತ ಎಣಿಸದೆ ಇದ್ದರೆ ಹೊರಗಿನವರು ನಮ್ಮ ಮಾಲನ್ನು ನಂಬೋದು ಹೇಗೆ?

ಇದಕ್ಕೆ ಬೇಕಾದ ಜನ, ಜಾಗ ಹತ್ತಿರದಲ್ಲೇ ಇವೆ. ಬೆಂಗಳೂರಿನಲ್ಲಿ ಸಿಎಂಟಿಐ, ಎನ್‌ಎಎಲ್, ಐಐಎಸ್‌ಸಿ, ಚೆನ್ನೈನಲ್ಲಿ ಐಐಟಿ, ಹೈದರಾಬಾದ್‌ನಲ್ಲಿ ಎಆರ್‌ಸಿಐ. ಹೊಸೂರು ಬೆಂಗಳೂರು–ಚೆನ್ನೈ ದಾರಿಯಲ್ಲಿ ಸಿಗುವ ಊರು. ಇಲ್ಲಿಂದ ಎರಡು ಯೂನಿಟ್, ಪೀಣ್ಯದಿಂದ ಎರಡು, ಕೊಯಮತ್ತೂರಿನಿಂದ ಎರಡು ಸೇರಿದರೂ ಆರಾಯಿತು. ಒಂದು ಸಾಧಾರಣ ಉಕ್ಕಿನ ಪುಡಿ, ಒಂದು ಸರಳ ಮಾದರಿ ತುಂಡು ಇಟ್ಟುಕೊಂಡು ಶುರು ಮಾಡಬಹುದು. ಪುಡಿ ಮತ್ತು ಪರೀಕ್ಷೆಯ ಖರ್ಚನ್ನು ಸಾರ್ವಜನಿಕ ಸಂಸ್ಥೆ ಹೊರಬೇಕು. ಯಂತ್ರದ ಸಮಯವನ್ನು ಯೂನಿಟ್‌ಗಳು ಕೊಡಬಹುದು. ಯೂನಿಟ್‌ಗಳ ಹೆಸರು ಗುಟ್ಟಾಗಿರಬೇಕು. ಫಲಿತಾಂಶ ಎಲ್ಲರ ಕೈಗೂ ಸಿಗಬೇಕು. ‘ನಮ್ಮದು ಕೆಟ್ಟದು ಬಂದರೆ ಆರ್ಡರ್ ಹೋಗುತ್ತೆ’ ಅನ್ನುವ ಭಯ ಇರುವ ತನಕ ಯಾರೂ ನಿಜ ಹೇಳೋದಿಲ್ಲ.

ಕೊನೆಯದಾಗಿ ಭಾಷೆಯ ಮಾತು. ಸೂಚನಾ ಪುಸ್ತಕ ಇಂಗ್ಲಿಷ್‌ನಲ್ಲಿರುತ್ತೆ, ಯಂತ್ರದ ಮುಂದೆ ನಿಂತವನು ಕನ್ನಡದಲ್ಲೋ ತಮಿಳಿನಲ್ಲೋ ಓದಿದವನು. ಪುಡಿ ಎಷ್ಟು ಹೊತ್ತು ಒಣಗಿಸಬೇಕು, ಯಾವ ಜರಡಿ, ಯಾವಾಗ ಫಿಲ್ಟರ್ ಬದಲಿಸಬೇಕು ಅನ್ನೋದನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಂಡರೆ ಅದೂ ವ್ಯತ್ಯಾಸವಾಗಿಯೇ ತುಂಡಿನೊಳಗೆ ಸೇರುತ್ತೆ. ಕೆಲಸದ ಹಾಳೆ ಕನ್ನಡ, ತಮಿಳು, ತೆಲುಗಿನಲ್ಲಿ ಇರಲಿ ಅನ್ನೋದು ಭಾಷಾಭಿಮಾನದ ಬೇಡಿಕೆ ಮಾತ್ರ ಅಲ್ಲ, ಗುಣಮಟ್ಟದ ಬೇಡಿಕೆಯೂ ಹೌದು.

ಸೇರಿನ ಕಾಲದಲ್ಲಿ ಅಳತೆ ಯಾರ ಕೈಲಿತ್ತೋ ಲಾಭ ಅವರದಾಗಿತ್ತು. ಹೊಸ ಅಳತೆ ಇನ್ನೂ ರೂಪುಗೊಳ್ಳುತ್ತಾ ಇದೆ. ಅದು ಪೂರ್ತಿಯಾದ ಮೇಲೆ ‘ನಮ್ಮನ್ನು ಕೇಳಲಿಲ್ಲ’ ಅಂತ ದೂರುವುದಕ್ಕಿಂತ, ಅಳೆಯುವಾಗಲೇ ಪಕ್ಕದಲ್ಲಿ ನಿಲ್ಲುವುದು ಮೇಲು. ಎರಡೂ ರಾಜ್ಯಗಳ ಕೈಗಾರಿಕಾ ಇಲಾಖೆಗಳು, ಸಣ್ಣ ಕೈಗಾರಿಕೆಗಳ ಸಂಘಗಳು ಇತ್ತ ಗಮನ ಹರಿಸುವವೇ?